ಕಾಲಮ್‌ನ ಮೂಲ ಹುಡುಕಲು ಯಾವ ದಾರಿ? ಕೆಟಲಾಗ್, ಡ್ರೈವರ್, ಪಾರ್ಸರ್, ಲಾಗ್‌ಗಳ ಹೋಲಿಕೆ

ರಿಪೋರ್ಟಿನಲ್ಲಿ ‘ಒಟ್ಟು’ ಅನ್ನುವ ಕಾಲಮ್ ಇದೆ. ಅದು ಯಾವ ಟೇಬಲ್‌ನಿಂದ ಬಂತು ಅಂತ ಯಾರೋ ಕೇಳುತ್ತಾರೆ. ರಿಪೋರ್ಟ್ ಓದುವುದು ಒಂದು ವ್ಯೂನಿಂದ, ಅಂದರೆ ಹೆಸರಿಟ್ಟು ಉಳಿಸಿ ಟೇಬಲ್‌ನಂತೆ ಓದುವ ಕ್ವೆರಿಯಿಂದ. ಆ ವ್ಯೂ ಇನ್ನೆರಡು ವ್ಯೂಗಳ ಮೇಲೆ ನಿಂತಿದೆ. ಅದರಲ್ಲೊಂದರ ಒಳಗೆ ಯಾರೋ ಸೆಲೆಕ್ಟ್ ಸ್ಟಾರ್ (‘ಎಲ್ಲ ಕಾಲಮ್ ಕೊಡು’) ಬರೆದು ಹೋಗಿದ್ದಾರೆ. ಎರಡು ನಿಮಿಷದ ಪ್ರಶ್ನೆ ಅರ್ಧ ದಿನ ತಿನ್ನುತ್ತದೆ.

ಮೂಲ ಹುಡುಕಲು ಮುಖ್ಯವಾಗಿ ನಾಲ್ಕು ದಾರಿಗಳಿವೆ. ಡೇಟಾಬೇಸ್‌ನ ಸ್ವಂತ ಕೆಟಲಾಗ್ (ತನ್ನ ಟೇಬಲ್, ವ್ಯೂಗಳ ಬಗ್ಗೆ ಅದು ಇಟ್ಟುಕೊಳ್ಳುವ ದಾಖಲೆ) ನೋಡಬಹುದು. ಪ್ರೋಗ್ರಾಮ್ ಮತ್ತು ಡೇಟಾಬೇಸ್ ನಡುವಿನ ಡ್ರೈವರ್ ಕೊಡುವ ಮೆಟಾಡೇಟಾ (ಕಾಲಮ್‌ಗಳ ವಿವರ) ಕೇಳಬಹುದು. ಎಸ್‌ಕ್ಯೂಎಲ್ ಪಾರ್ಸರ್ (ಕ್ವೆರಿಯ ವ್ಯಾಕರಣ ಬಿಡಿಸುವ ಪ್ರೋಗ್ರಾಮ್) ಹಿಡಿದು ಕ್ವೆರಿಯನ್ನೇ ಬಿಚ್ಚಬಹುದು. ಇಲ್ಲವೇ ನಿಜವಾಗಿ ಓಡಿದ ಕ್ವೆರಿಗಳ ಲಾಗ್ ತೆಗೆದು ನೋಡಬಹುದು. ನಾಲ್ಕೂ ‘ಕಾಲಮ್ ಲೀನಿಯೇಜ್’ (ಕಾಲಮ್‌ನ ವಂಶಾವಳಿ) ಅನ್ನುವ ಒಂದೇ ಹೆಸರಿನಲ್ಲಿ ಓಡಾಡುತ್ತವೆ. ಆದರೆ ಒಂದೇ ವ್ಯೂ ಕೊಟ್ಟು ಕೇಳಿದರೆ ನಾಲ್ಕರಿಂದಲೂ ಬೇರೆ ಬೇರೆ ಉತ್ತರ ಬರುತ್ತದೆ. ಅದರಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದೂ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿದೆ, ಅಷ್ಟೆ. ಹಾಗಾಗಿ ಟೂಲ್ ಆರಿಸುವ ಮೊದಲು ಪ್ರಶ್ನೆ ಆರಿಸಿಕೊಳ್ಳಬೇಕು.

ನೀವು ಕೇಳುತ್ತಿರುವುದು ಯಾವ ಪ್ರಶ್ನೆ?

ಒಂದು ಚಿಕ್ಕ ವ್ಯೂ ಇಟ್ಟುಕೊಳ್ಳೋಣ. ಹೆಸರು ‘ಮಾರಾಟ_ಸಾರ’. ಅದರ ಕೆಳಗೆ ಮೂರು ಟೇಬಲ್: ಗ್ರಾಹಕ, ಆರ್ಡರ್, ಆರ್ಡರ್_ಸಾಲು. ವ್ಯೂನಲ್ಲಿ ನಾಲ್ಕು ಕಾಲಮ್ ಬರುತ್ತವೆ.

‘ಹೆಸರು’ ನೇರವಾಗಿ ಗ್ರಾಹಕ ಟೇಬಲ್‌ನಿಂದ ಬಂದದ್ದು. ‘ಊರು’ ಒಂದು ಕೋಲೆಸ್: ವಿತರಣೆಯ ಊರು ಇದ್ದರೆ ಅದು, ಇಲ್ಲದಿದ್ದರೆ ಖಾಯಂ ಊರು. ‘ಬಗೆ’ ಒಂದು ಕೇಸ್: ಗ್ರಾಹಕರ ಅಂಕ 1000ಕ್ಕಿಂತ ಜಾಸ್ತಿ ಇದ್ದರೆ ‘ದೊಡ್ಡ’, ಇಲ್ಲದಿದ್ದರೆ ‘ಸಣ್ಣ’. ‘ಒಟ್ಟು’ ಅಂದರೆ ಆರ್ಡರ್_ಸಾಲಿನ ಪ್ರಮಾಣ ಗುಣಿಸು ದರ, ಅದರ ಮೊತ್ತ. ಕೊನೆಗೆ ವೇರ್‌ನಲ್ಲಿ (ಸಾಲುಗಳನ್ನು ಸೋಸುವ ಭಾಗ) ಒಂದು ಷರತ್ತು ಇದೆ. ಆರ್ಡರ್.ಸ್ಥಿತಿ ‘ರದ್ದು’ ಆಗಿರಬಾರದು.

ಈಗ ಹೇಳಿ, ‘ಒಟ್ಟು’ ಕಾಲಮ್‌ನ ಮೂಲ ಏನು? ಪ್ರಮಾಣ ಮತ್ತು ದರ ಅನ್ನುವುದು ಒಂದು ಉತ್ತರ. ಮೌಲ್ಯ ಅಲ್ಲಿಂದಲೇ ಬಂದಿದೆ. ಆದರೆ ‘ಸ್ಥಿತಿ’ ಕಾಲಮ್‌ನಲ್ಲಿ ಯಾರೋ ‘ರದ್ದು’ ಬದಲು ‘ರದ್ದಾಗಿದೆ’ ಅಂತ ತುಂಬಿದರೆ ಒಟ್ಟು ತಪ್ಪುತ್ತದೆ. ಅಂದರೆ ಆ ಕಾಲಮ್‌ನ ಮೌಲ್ಯ ಔಟ್‌ಪುಟ್‌ಗೆ ಬರದೇ ಇದ್ದರೂ ಫಲಿತಾಂಶದ ಮೇಲೆ ಅದರ ಕೈ ಇದೆ. ಇನ್ನೂ ಒಂದು ಪ್ರಶ್ನೆ ಉಳಿದಿದೆ: ಯಾವ ಕಾಲಮ್ ತೆಗೆದರೆ ಈ ವ್ಯೂ ಮುರಿಯುತ್ತದೆ? ಅಲ್ಲಿ ಜಾಯಿನ್‌ಗೆ, ಅಂದರೆ ಟೇಬಲ್‌ಗಳನ್ನು ಜೋಡಿಸಲು, ಬಳಸಿದ ಐಡಿಗಳೂ ಸೇರುತ್ತವೆ.

ಹೀಗೆ ಪ್ರಶ್ನೆಗಳು ಮೂರಾದವು. ಮೌಲ್ಯ ಎಲ್ಲಿಂದ ಬಂತು, ಯಾವುದು ಪ್ರಭಾವ ಬೀರಿತು, ಯಾವುದನ್ನು ಮುಟ್ಟಿದರೆ ಮುರಿಯುತ್ತದೆ. ಓಪನ್‌ಲೀನಿಯೇಜ್ ಅನ್ನುವ ಮುಕ್ತ ಮಾನದಂಡ ಮೊದಲ ಎರಡನ್ನು ಚೆನ್ನಾಗಿ ಬೇರ್ಪಡಿಸಿದೆ. ನೇರ ಸಂಬಂಧದಲ್ಲಿ ಹಾಗೆಯೇ ನಕಲಾದದ್ದು, ಲೆಕ್ಕ ಹಾಕಿದ್ದು, ಮೊತ್ತ ಮಾಡಿದ್ದು ಅಂತ ಮೂರು ಬಗೆ. ಪರೋಕ್ಷ ಸಂಬಂಧದಲ್ಲಿ ಜಾಯಿನ್, ಫಿಲ್ಟರ್, ಗ್ರೂಪ್ ಬೈ, ಸಾರ್ಟ್, ವಿಂಡೋ, ಷರತ್ತು. ಯಾವ ಟೂಲ್ ಕೊಳ್ಳಲು ಹೊರಟರೂ ಈ ಪಟ್ಟಿ ಕೈಯಲ್ಲಿ ಹಿಡಿದುಕೊಂಡು ಕೇಳಿ: ಇದರಲ್ಲಿ ನಿಮ್ಮದು ಯಾವುದನ್ನು ತೋರಿಸುತ್ತದೆ, ಯಾವುದನ್ನು ತೋರಿಸುವುದಿಲ್ಲ? ಡೆಮೋದಲ್ಲಿ ಬಾಣಗಳು ಚೆಂದ ಕಾಣುತ್ತವೆ. ಯಾವ ಬಾಣ ಬಂದಿಲ್ಲ ಅಂತ ಯಾರೂ ತಾವಾಗಿ ಹೇಳುವುದಿಲ್ಲ.

ಕೆಟಲಾಗ್: ಮುರಿಯುವುದು ಯಾವುದು ಅಂತ ಕೇಳಲು

ವ್ಯೂ ಮಾಡಿದಾಗಲೇ ಡೇಟಾಬೇಸ್ ತನ್ನ ಒಳಗೆ ಅವಲಂಬನೆ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಕೇಳಲು ಕಾಸು ಖರ್ಚಿಲ್ಲ, ಬೇರೆ ಟೂಲ್ ಬೇಕಿಲ್ಲ. ಆದರೆ ಎಷ್ಟು ಸೂಕ್ಷ್ಮವಾಗಿ ಬರೆದುಕೊಳ್ಳುತ್ತದೆ ಅನ್ನುವುದು ಒಂದೊಂದು ಡೇಟಾಬೇಸ್‌ನಲ್ಲಿ ಒಂದೊಂದು ರೀತಿ.

ಪೋಸ್ಟ್‌ಗ್ರೆಸ್‌ನಲ್ಲಿ ವ್ಯೂ ಅಂದರೆ ಒಂದು ರೀರೈಟ್ ನಿಯಮ: ವ್ಯೂ ಹೆಸರು ಬಂದ ಕಡೆ ಅದರ ಕ್ವೆರಿಯನ್ನು ಇಡು ಅಂತ. ಪಿಜಿ_ಡಿಪೆಂಡ್ ಟೇಬಲ್‌ನಲ್ಲಿ ಆ ನಿಯಮ ಯಾವ ಟೇಬಲ್‌ನ ಎಷ್ಟನೇ ಕಾಲಮ್ ಮೇಲೆ ನಿಂತಿದೆ ಅಂತ ಇರುತ್ತದೆ. ಪಿಜಿ_ರೀರೈಟ್ ಜೊತೆ ಜಾಯಿನ್ ಮಾಡಿದರೆ ಪಟ್ಟಿ ಸಿಗುತ್ತದೆ. ನಮ್ಮ ‘ಮಾರಾಟ_ಸಾರ’ಕ್ಕೆ ಕೇಳಿದರೆ ಹೆಸರು, ಎರಡು ಊರುಗಳು, ಅಂಕ, ಪ್ರಮಾಣ, ದರ, ಸ್ಥಿತಿ, ಜಾಯಿನ್ ಐಡಿಗಳು ಎಲ್ಲವೂ ಬರುತ್ತವೆ. ಆದರೆ ಎಲ್ಲವೂ ಒಂದೇ ಗುಂಪಿನಲ್ಲಿ. ವ್ಯೂನ ಯಾವ ಕಾಲಮ್‌ಗೆ ಯಾವುದು ಅಂತ ಇಲ್ಲ. ದರ ‘ಒಟ್ಟು’ಗೆ ಹೋಯಿತೋ ‘ಊರು’ಗೆ ಹೋಯಿತೋ ಅಂತ ಪಿಜಿ_ಡಿಪೆಂಡ್ ನೋಡಿ ಹೇಳಲಾಗದು. ಅಂದರೆ ಮುರಿಯುವ ಪ್ರಶ್ನೆಗೆ ಸರಿಯಾದ ಉತ್ತರ, ಮೌಲ್ಯದ ಪ್ರಶ್ನೆಗೆ ಉತ್ತರವೇ ಅಲ್ಲ.

ಸುಲಭ ಅಂತ ಇನ್ಫರ್ಮೇಶನ್ ಸ್ಕೀಮಾದ ವ್ಯೂ_ಕಾಲಮ್_ಯೂಸೇಜ್ ಕಡೆ ಹೋಗುವವರು ಜಾಸ್ತಿ. ಅದರಲ್ಲಿ ಒಂದು ಅಪಾಯ ಇದೆ. ಪೋಸ್ಟ್‌ಗ್ರೆಸ್‌ನಲ್ಲಿ ಅದು ನಿಮ್ಮ ರೋಲ್‌ಗೆ (ಡೇಟಾಬೇಸ್ ಖಾತೆಗೆ) ಒಡೆತನ ಇರುವ ಟೇಬಲ್‌ಗಳ ಕಾಲಮ್ ಮಾತ್ರ ತೋರಿಸುತ್ತದೆ. ಓದುವ ಹಕ್ಕಿದ್ದರೂ ಸಾಲದು. ಎರರ್ ಬರುವುದಿಲ್ಲ, ಸುಮ್ನೆ ಸಾಲುಗಳು ಕಡಿಮೆ ಬರುತ್ತವೆ. ಖಾಲಿ ಪಟ್ಟಿ ನೋಡಿ ‘ಯಾರೂ ಬಳಸುತ್ತಿಲ್ಲ, ತೆಗೆಯಬಹುದು’ ಅಂದುಕೊಂಡರೆ ಕಷ್ಟ.

ಟೆಸ್ಟ್ ಡೇಟಾಬೇಸ್ ಇದ್ದರೆ ಇನ್ನೊಂದು ಒರಟು ಉಪಾಯ ಇದೆ. ಟ್ರಾನ್ಸಾಕ್ಷನ್ ಶುರು ಮಾಡಿ, ಕ್ಯಾಸ್ಕೇಡ್ (‘ಅವಲಂಬಿಸಿದ್ದನ್ನೂ ಜೊತೆಗೇ ತೆಗೆ’) ಹಾಕದೆ ಕಾಲಮ್ ಡ್ರಾಪ್ ಮಾಡಿ. ಅವಲಂಬಿಸಿರುವ ವ್ಯೂಗಳ ಹೆಸರು ಎರರ್ ವಿವರದಲ್ಲೇ ಬರುತ್ತದೆ. ಆಮೇಲೆ ರೋಲ್‌ಬ್ಯಾಕ್ ಕೊಟ್ಟು ಎಲ್ಲ ರದ್ದು ಮಾಡಿ. ಮೊದಲ ಹಂತದ ವ್ಯೂ ಕಾಲಮ್ ಮಟ್ಟದಲ್ಲಿ ಸರಿ ಇರುತ್ತದೆ. ಅದರ ಮೇಲಿನ ಹಂತಗಳಲ್ಲಿ ಮಾತ್ರ ಈ ಕಾಲಮ್‌ಗೆ ಸಂಬಂಧವೇ ಇಲ್ಲದ ವ್ಯೂಗಳೂ ಸೇರಿಕೊಳ್ಳುತ್ತವೆ, ಯಾಕೆಂದರೆ ಅಲ್ಲಿ ಇಡೀ ವ್ಯೂ ಹೋಗುತ್ತದೆ ಅಂತ ಲೆಕ್ಕ. ಪ್ರೊಡಕ್ಷನ್‌ನಲ್ಲಿ ಇದನ್ನು ಮಾಡಬೇಡಿ. ಆ ಡ್ರಾಪ್ ಟೇಬಲ್ ಮೇಲೆ ಪೂರ್ತಿ ಲಾಕ್ ಕೇಳುತ್ತದೆ.

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಈ ಕೆಲಸಕ್ಕೆ ಡಿಎಂ_ಎಸ್‌ಕ್ಯೂಎಲ್_ರೆಫರೆನ್ಸ್ಡ್_ಎಂಟಿಟೀಸ್ ಇದೆ. ಕಾಲಮ್ ಹೆಸರಿನ ಜೊತೆಗೆ ಅದು ಸೆಲೆಕ್ಟ್ ಆಗಿದೆಯೋ, ಅಪ್‌ಡೇಟ್ ಆಗಿದೆಯೋ, ಸ್ಟಾರ್ ಮೂಲಕ ಬಂದಿದೆಯೋ ಅಂತಲೂ ಹೇಳುತ್ತದೆ. ಒಂದೇ ಹಂತ ಕೆಳಗೆ ನೋಡುತ್ತದೆ. ವ್ಯೂ ಮೇಲೆ ವ್ಯೂ ಇದ್ದರೆ ನೀವೇ ಲೂಪ್ ಹಾಕಿ ಇಳಿಯಬೇಕು. ಹಳೆಯ ಎಸ್‌ಪಿ_ಡಿಪೆಂಡ್ಸ್ ಇನ್ನೂ ಕೆಲವರ ಸ್ಕ್ರಿಪ್ಟ್‌ಗಳಲ್ಲಿ ಇದೆ. ಅದನ್ನು ಬಿಟ್ಟುಬಿಡಿ.

ಒರಾಕಲ್‌ನ ಆಲ್_ಡಿಪೆಂಡೆನ್ಸೀಸ್ ಟೇಬಲ್ ಮಟ್ಟಕ್ಕೇ ನಿಲ್ಲುತ್ತದೆ, ಕಾಲಮ್ ಹೇಳುವುದಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ 8.0.13ರಿಂದ ವ್ಯೂ_ಟೇಬಲ್_ಯೂಸೇಜ್ ಇದೆ. ಅದೂ ಟೇಬಲ್ ಮಟ್ಟವೇ. ರೆಡ್‌ಶಿಫ್ಟ್‌ನಲ್ಲಿ ಸ್ಕೀಮಾ ಬೈಂಡಿಂಗ್ (ಕೆಳಗಿನ ಟೇಬಲ್‌ಗಳಿಗೆ ಕಟ್ಟಿಹಾಕುವುದು) ಇಲ್ಲದ ವ್ಯೂ ಮಾಡಿದ್ದರೆ ಅವಲಂಬನೆಯ ದಾಖಲೆಯೇ ಇರುವುದಿಲ್ಲ. ಅಲ್ಲಿ ಕೆಟಲಾಗ್ ಕೇಳಿ ಉಪಯೋಗವಿಲ್ಲ.

ಇನ್ನು ಸ್ಟಾರ್ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪೋಸ್ಟ್‌ಗ್ರೆಸ್ ವ್ಯೂ ಮಾಡುವ ಹೊತ್ತಿಗೇ ಸ್ಟಾರ್ ಬಿಡಿಸಿ ಕಾಲಮ್ ಪಟ್ಟಿ ಮಾಡಿಕೊಂಡುಬಿಡುತ್ತದೆ. ಆಮೇಲೆ ಟೇಬಲ್‌ಗೆ ಹೊಸ ಕಾಲಮ್ ಸೇರಿಸಿದರೂ ವ್ಯೂಗೆ ಬರುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್ ಹಾಗಲ್ಲ. ವ್ಯೂನ ಕಾಲಮ್ ಹೆಸರುಗಳನ್ನು ಅದು ಒಂದು ಕಡೆ ಬರೆದಿಡುತ್ತದೆ, ಕ್ವೆರಿ ಪಠ್ಯದಲ್ಲಿ ಸ್ಟಾರ್ ಹಾಗೇ ಉಳಿಯುತ್ತದೆ. ಟೇಬಲ್‌ನಲ್ಲಿ ಐಡಿ, ಹೆಸರು, ಊರು ಇದ್ದವು ಅಂದುಕೊಳ್ಳಿ. ಯಾರೋ ‘ಹೆಸರು’ ತೆಗೆದು ಕೊನೆಗೆ ‘ಫೋನ್’ ಸೇರಿಸಿದರು. ಈಗ ಟೇಬಲ್‌ನಲ್ಲಿ ಐಡಿ, ಊರು, ಫೋನ್. ವ್ಯೂನ ತಲೆಬರಹ ಮಾತ್ರ ಹಳೆಯದೇ: ಐಡಿ, ಹೆಸರು, ಊರು. ಕ್ವೆರಿ ಓಡಿಸಿದರೆ ‘ಹೆಸರು’ ಅಡಿಯಲ್ಲಿ ಊರು, ‘ಊರು’ ಅಡಿಯಲ್ಲಿ ಫೋನ್ ನಂಬರ್! ಎಸ್‌ಪಿ_ರಿಫ್ರೆಶ್‌ವ್ಯೂ ಓಡಿಸುವವರೆಗೆ ಹೀಗೇ. ಇಂಥ ವ್ಯೂ ಮೇಲೆ ಯಾವ ಲೀನಿಯೇಜ್ ಟೂಲ್ ಓಡಿಸಿದರೂ ಹೆಸರು ನೋಡಿ ಮೋಸ ಹೋಗುತ್ತದೆ. ಸ್ಕೀಮಾಬೈಂಡಿಂಗ್ ಹಾಕಿದರೆ ಸ್ಟಾರ್ ಬರೆಯಲೂ ಬಿಡುವುದಿಲ್ಲ, ಕಾಲಮ್ ತೆಗೆಯಲೂ ಬಿಡುವುದಿಲ್ಲ.

ಡ್ರೈವರ್ ಮೆಟಾಡೇಟಾ: ನೇರ ನಕಲಿಗೆ ಮಾತ್ರ

ಕ್ವೆರಿಯ ಉತ್ತರ ಬರುವಾಗ ಪ್ರತಿ ಕಾಲಮ್ ಜೊತೆ ಒಂದಿಷ್ಟು ವಿವರವೂ ಬರುತ್ತದೆ. ಹೆಸರು, ಟೈಪ್, ಜೊತೆಗೆ ಕೆಲವೊಮ್ಮೆ ಮೂಲ ಟೇಬಲ್. ಎಡಿಟ್ ಮಾಡಬಹುದಾದ ಗ್ರಿಡ್ ಕಟ್ಟುವವರಿಗೆ ಇದು ವರ. ಈ ಸೆಲ್ ಬದಲಾದರೆ ಯಾವ ಟೇಬಲ್‌ಗೆ ಬರೆಯಬೇಕು ಅಂತ ತಕ್ಷಣ ಗೊತ್ತಾಗುತ್ತದೆ.

ಪೋಸ್ಟ್‌ಗ್ರೆಸ್ ಪ್ರೋಟೊಕಾಲ್‌ನಲ್ಲಿ ಪ್ರತಿ ಕಾಲಮ್‌ಗೂ ಟೇಬಲ್‌ನ ಓಐಡಿ (ಒಳಗಿನ ಗುರುತು ಸಂಖ್ಯೆ) ಮತ್ತು ಕಾಲಮ್ ಸಂಖ್ಯೆ ಬರುತ್ತದೆ. ಸಿ ಲೈಬ್ರರಿಯಲ್ಲಿ ಪಿಕ್ಯೂಎಫ್‌ಟೇಬಲ್, ಪಿಕ್ಯೂಎಫ್‌ಟೇಬಲ್‌ಕಾಲ್ ಅನ್ನುವ ಎರಡು ಫಂಕ್ಷನ್‌ಗಳು ಅದನ್ನೇ ಕೊಡುತ್ತವೆ. ಕ್ವೆರಿ ಓಡಿಸಬೇಕಾಗಿಯೂ ಇಲ್ಲ, ಪ್ರಿಪೇರ್ ಮಾಡಿ ಡಿಸ್ಕ್ರೈಬ್ ಕೇಳಿದರೆ ಸಾಕು. ಏಲಿಯಾಸ್ (ಬದಲಿ ಹೆಸರು) ಕೊಟ್ಟಿದ್ದರೂ, ಸಬ್‌ಕ್ವೆರಿ (ಕ್ವೆರಿಯೊಳಗಿನ ಕ್ವೆರಿ) ಒಳಗಿದ್ದರೂ, ಸಿಟಿಇ (ವಿತ್ ಬಳಸಿ ಹೆಸರಿಟ್ಟ ಸಬ್‌ಕ್ವೆರಿ) ಒಳಗಿದ್ದರೂ ದಾಟಿಕೊಂಡು ಹೋಗಿ ಮೂಲ ಹೇಳುತ್ತದೆ. ಆದರೆ ವ್ಯೂ ಬಂದರೆ ಅಲ್ಲಿಗೆ ನಿಂತುಬಿಡುತ್ತದೆ, ವ್ಯೂನ ಓಐಡಿಯನ್ನೇ ಕೊಡುತ್ತದೆ. ಇದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿದ್ದಾರೆ. ನಮ್ಮ ಉದಾಹರಣೆಯಲ್ಲಿ ವ್ಯೂನಿಂದ ಓದಿದರೆ ನಾಲ್ಕೂ ಕಾಲಮ್‌ಗೆ ಉತ್ತರ ‘ಮಾರಾಟ_ಸಾರ’. ವ್ಯೂ ಒಳಗಿನ ಕ್ವೆರಿಯನ್ನೇ ನೇರವಾಗಿ ಕೊಟ್ಟರೆ ‘ಹೆಸರು’ಗೆ ಮಾತ್ರ ಗ್ರಾಹಕ ಟೇಬಲ್, ಉಳಿದ ಮೂರಕ್ಕೆ ಸೊನ್ನೆ.

ಎಸ್‌ಕ್ಯೂಲೈಟ್ ಇದಕ್ಕೆ ಉಲ್ಟಾ. ಅದರ ಕಾಲಮ್_ಟೇಬಲ್_ನೇಮ್, ಕಾಲಮ್_ಒರಿಜಿನ್_ನೇಮ್ ಫಂಕ್ಷನ್‌ಗಳು ವ್ಯೂ ದಾಟಿ ಕೆಳಗಿನ ಟೇಬಲ್‌ವರೆಗೆ ಹೋಗುತ್ತವೆ. ಲೆಕ್ಕ ಹಾಕಿದ ಕಾಲಮ್‌ಗೆ ನಲ್ (ಖಾಲಿ). ಒಂದೇ ತೊಡಕು, ಕಾಲಮ್ ಮೆಟಾಡೇಟಾ ಅನ್ನುವ ಆಯ್ಕೆ ಸೇರಿಸಿ ಕಂಪೈಲ್ ಮಾಡಿರಬೇಕು. ಎಸ್‌ಕ್ಯೂಲೈಟ್‌ನಲ್ಲಿ ಇನ್ನೊಂದು ಜಾಣ ದಾರಿಯೂ ಇದೆ. ಆಥರೈಸರ್ ಕಾಲ್‌ಬ್ಯಾಕ್ ಹಾಕಿದರೆ, ಕ್ವೆರಿ ತಯಾರಾಗುವಾಗ ಓದಲಿರುವ ಪ್ರತಿ ಟೇಬಲ್, ಪ್ರತಿ ಕಾಲಮ್ ಹೆಸರು ಹೇಳಿ ಅನುಮತಿ ಕೇಳುತ್ತದೆ. ಯಾವ ವ್ಯೂ ಮೂಲಕ ಬಂತು ಅಂತಲೂ ಹೇಳುತ್ತದೆ. ವೇರ್‌ನಲ್ಲಿ ಇರುವ ಕಾಲಮ್‌ಗಳೂ ಬರುತ್ತವೆ. ಅನುಮತಿಗಾಗಿ ಮಾಡಿದ್ದು, ಆದರೆ ಅವಲಂಬನೆ ಪಟ್ಟಿಗೂ ಸೊಗಸಾಗಿ ಆಗುತ್ತದೆ.

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2012ರಿಂದ ಡಿಎಂ_ಎಕ್ಸೆಕ್_ಡಿಸ್ಕ್ರೈಬ್_ಫಸ್ಟ್_ರಿಸಲ್ಟ್_ಸೆಟ್ ಇದೆ. ಬ್ರೌಸ್ ಮಾಹಿತಿಯ ಆಯ್ಕೆಗೆ 1 ಕೊಟ್ಟರೆ ಮೂಲ ಟೇಬಲ್ ಹೆಸರು, 2 ಕೊಟ್ಟರೆ ವ್ಯೂ ಹೆಸರು. ಸೊನ್ನೆ ಕೊಟ್ಟರೆ ಏನೂ ಇಲ್ಲ. 1 ಕೊಟ್ಟಾಗ ನೀವು ಕೇಳದ ಕೀ ಕಾಲಮ್‌ಗಳೂ ಪಟ್ಟಿಗೆ ಸೇರಿಕೊಳ್ಳಬಹುದು. ಅವುಗಳಿಗೆ ‘ಮರೆಯಾದದ್ದು’ ಅನ್ನುವ ಗುರುತು ಇರುತ್ತದೆ, ಅದನ್ನು ನೋಡಿ ಸೋಸಿ. ಟೆಂಪ್ ಟೇಬಲ್ ಬಳಸುವ ಪ್ರೊಸೀಜರ್ ಕೊಟ್ಟರೆ ಎರರ್ ಬರುತ್ತದೆ.

ಜಾವಾದವರಿಗೆ ಒಂದು ಎಚ್ಚರಿಕೆ. ಜೆಡಿಬಿಸಿಯಲ್ಲಿ (ಜಾವಾದಿಂದ ಡೇಟಾಬೇಸ್ ಜೊತೆ ಮಾತಾಡುವ ಮಾನದಂಡ) ಗೆಟ್‌ಟೇಬಲ್‌ನೇಮ್ ಅನ್ನುವ ಮೆಥಡ್ ಇದೆ ಅಂದಮಾತ್ರಕ್ಕೆ ಎಲ್ಲ ಡ್ರೈವರ್ ಉತ್ತರ ಕೊಡುತ್ತದೆ ಅಂತಲ್ಲ. ಒರಾಕಲ್ ಡ್ರೈವರ್ ಖಾಲಿ ಸ್ಟ್ರಿಂಗ್ ಕೊಡುತ್ತದೆ. ಪೋಸ್ಟ್‌ಗ್ರೆಸ್ ಡ್ರೈವರ್‌ನಲ್ಲಿ ಗೆಟ್‌ಕಾಲಮ್‌ನೇಮ್ ಕೇಳಿದರೆ ಏಲಿಯಾಸ್ ಬರುತ್ತದೆ. ಮೂಲ ಹೆಸರು ಬೇಕಾದರೆ ಆ ಡ್ರೈವರ್‌ನದ್ದೇ ಆದ ಗೆಟ್‌ಬೇಸ್‌ಕಾಲಮ್‌ನೇಮ್ ಕರೆಯಬೇಕು. ಮೈಎಸ್‌ಕ್ಯೂಎಲ್ ಪ್ರೋಟೊಕಾಲ್‌ನಲ್ಲಿ ಏಲಿಯಾಸ್ ಬಿಟ್ಟ ಹೆಸರುಗಳಿಗೆ ಆರ್ಗ್_ಟೇಬಲ್, ಆರ್ಗ್_ನೇಮ್ ಅಂತ ಬೇರೆಯೇ ಜಾಗ ಇದೆ.

ಡೇಟಾಬೇಸ್‌ನಿಂದಲೇ ಬಿಚ್ಚಿಸುವುದು

ಪಾರ್ಸರ್‌ಗೆ ಹೋಗುವ ಮೊದಲು ಇದನ್ನು ಹೇಳಲೇಬೇಕು, ಯಾಕೆಂದರೆ ಒಂದೆರಡು ವ್ಯೂ ಮಾತ್ರ ನೋಡಬೇಕಾದರೆ ನನ್ನ ಮೊದಲ ಆಯ್ಕೆ ಇದೇ.

ಪೋಸ್ಟ್‌ಗ್ರೆಸ್‌ನಲ್ಲಿ ಎಕ್ಸ್‌ಪ್ಲೇನ್ ವರ್ಬೋಸ್ ಕೊಟ್ಟು ನೋಡಿ. ಕ್ವೆರಿಯನ್ನು ಹೇಗೆ ಓಡಿಸುತ್ತದೆ ಅನ್ನುವ ಪ್ಲಾನ್ ಬರುತ್ತದೆ. ಅದರ ಪ್ರತಿ ನೋಡ್ (ಹೆಜ್ಜೆ) ಅಡಿಯಲ್ಲಿ ‘ಔಟ್‌ಪುಟ್’ ಅನ್ನುವ ಸಾಲು ಇರುತ್ತದೆ. ತೀರಾ ಮೇಲಿನ ನೋಡ್ ನೋಡಿದರೆ ಸಾಮಾನ್ಯವಾಗಿ ವ್ಯೂಗಳೆಲ್ಲ ಕರಗಿ ಮೂಲ ಕಾಲಮ್‌ಗಳ ಸೂತ್ರವೇ ಕಾಣುತ್ತದೆ: ಗ್ರಾಹಕ.ಹೆಸರು, ಕೋಲೆಸ್ ಒಳಗೆ ಎರಡು ಊರು, ಸಮ್ ಒಳಗೆ ಪ್ರಮಾಣ ಗುಣಿಸು ದರ. ಫಿಲ್ಟರ್ ಸಾಲಿನಲ್ಲಿ ಸ್ಥಿತಿಯೂ ಸಿಗುತ್ತದೆ. ಮೌಲ್ಯ, ಪ್ರಭಾವ ಎರಡೂ ಒಂದೇ ಪರದೆಯಲ್ಲಿ, ಅದೂ ಪುಕ್ಕಟೆ.

ಓದುವಾಗ ಮೂರು ಸಂಗತಿ ನೆನಪಿರಲಿ. ಕೆಳಗಿನ ಸ್ಕ್ಯಾನ್ ನೋಡ್‌ಗಳ ಔಟ್‌ಪುಟ್‌ನಲ್ಲಿ ಬೇಡದ ಕಾಲಮ್‌ಗಳೂ ಇರಬಹುದು. ಪ್ಲಾನರ್ ಅನುಕೂಲಕ್ಕೆ ಇಡೀ ಸಾಲನ್ನೇ ಮೇಲಕ್ಕೆ ಕಳಿಸುತ್ತದೆ. ಎರಡನೆಯದು, ಲೆಫ್ಟ್ ಜಾಯಿನ್ ಮಾಡಿದ ಟೇಬಲ್‌ನಿಂದ ಏನೂ ಬಳಕೆಯಾಗದಿದ್ದರೆ, ಆ ಕಡೆ ಯೂನಿಕ್ ಇಂಡೆಕ್ಸ್ ಇದ್ದರೆ, ಪ್ಲಾನರ್ ಆ ಜಾಯಿನ್ ಅನ್ನೇ ಕಿತ್ತುಹಾಕುತ್ತದೆ. ಪ್ಲಾನ್‌ನಲ್ಲಿ ಟೇಬಲ್ ಕಾಣಲಿಲ್ಲ ಅಂದರೆ ವ್ಯೂ ಅದನ್ನು ಅವಲಂಬಿಸಿಲ್ಲ ಅಂತಲ್ಲ. ಮೂರನೆಯದು, ಮಟೀರಿಯಲೈಸ್ಡ್ ವ್ಯೂ (ಫಲಿತಾಂಶವನ್ನೇ ಉಳಿಸಿಟ್ಟ ವ್ಯೂ) ಬಂದರೆ ಅಲ್ಲಿಗೇ ಜಾಡು ನಿಲ್ಲುತ್ತದೆ. ಪ್ಲಾನ್ ದೃಷ್ಟಿಯಲ್ಲಿ ಅದೂ ಒಂದು ಟೇಬಲ್. ಅದರ ವ್ಯಾಖ್ಯೆಯನ್ನು ಬೇರೆಯಾಗಿ ತೆಗೆದು ಅದಕ್ಕೂ ಇದೇ ಮಾಡಬೇಕು.

ಮೈಎಸ್‌ಕ್ಯೂಎಲ್‌ನಲ್ಲಿ ಎಕ್ಸ್‌ಪ್ಲೇನ್ ಆದ ಕೂಡಲೇ ಶೋ ವಾರ್ನಿಂಗ್ಸ್ ಕೊಟ್ಟರೆ, ಆಪ್ಟಿಮೈಸರ್ ತಿದ್ದಿ ಬರೆದ ಕ್ವೆರಿ ಕಾಣುತ್ತದೆ. ಕಾಲಮ್‌ಗಳಿಗೆಲ್ಲ ಪೂರ್ತಿ ಹೆಸರು ಇರುತ್ತದೆ, ಮರ್ಜ್ ಆದ ವ್ಯೂಗಳು ಮಾಯವಾಗಿರುತ್ತವೆ. ಒರಾಕಲ್‌ನಲ್ಲಿ 12.1ರಿಂದ ಡಿಬಿಎಂಎಸ್_ಯುಟಿಲಿಟಿಯ ಎಕ್ಸ್‌ಪ್ಯಾಂಡ್_ಎಸ್‌ಕ್ಯೂಎಲ್_ಟೆಕ್ಸ್ಟ್ ಇದೆ. ವ್ಯೂ ಮೇಲಿನ ಕ್ವೆರಿ ಕೊಟ್ಟರೆ ಮೂಲ ಟೇಬಲ್‌ವರೆಗೆ ಬಿಡಿಸಿದ ಕ್ವೆರಿ ಕೊಡುತ್ತದೆ. ಎ1, ಎ2 ಅಂತ ಏಲಿಯಾಸ್ ತುಂಬಿ ಓದಲು ತಲೆನೋವು. ಆದರೆ ಪಾರ್ಸರ್‌ಗೆ ಕೊಡಲು ಇದಕ್ಕಿಂತ ಒಳ್ಳೆಯ ಇನ್‌ಪುಟ್ ಇಲ್ಲ, ಸ್ಟಾರ್ ಗೊಂದಲ ಅಲ್ಲೇ ಮುಗಿದಿರುತ್ತದೆ.

ಪಾರ್ಸರ್: ಸೂತ್ರದ ಒಳಗೆ ಹೋಗಬೇಕಾದಾಗ

ನೂರಾರು ವ್ಯೂ ಇವೆ, ಒಂದೊಂದರ ಒಂದೊಂದು ಕಾಲಮ್‌ಗೂ ಮೂಲ ಬೇಕು ಅನ್ನುವಾಗ ಕೈಯಿಂದ ಆಗುವ ಕೆಲಸವಲ್ಲ. ಪಾರ್ಸರ್ ಬೇಕೇ ಬೇಕು.

ಪೈಥಾನ್‌ನಲ್ಲಿ ಎಸ್‌ಕ್ಯೂಎಲ್‌ಗ್ಲಾಟ್ ಇದೆ. ಹಲವಾರು ಎಸ್‌ಕ್ಯೂಎಲ್ ಉಪಭಾಷೆ ಓದುತ್ತದೆ. ಅದರ ಲೀನಿಯೇಜ್ ಫಂಕ್ಷನ್‌ಗೆ ಕಾಲಮ್ ಹೆಸರು, ಕ್ವೆರಿ, ಸ್ಕೀಮಾ (ಯಾವ ಟೇಬಲ್‌ನಲ್ಲಿ ಯಾವ ಕಾಲಮ್ ಅನ್ನುವ ಪಟ್ಟಿ), ವ್ಯೂಗಳ ವ್ಯಾಖ್ಯೆ ಕೊಟ್ಟರೆ ಮೂಲದವರೆಗೆ ಮರ ಕಟ್ಟಿಕೊಡುತ್ತದೆ. ಡೇಟಾಹಬ್ ಅನ್ನುವ ಮೆಟಾಡೇಟಾ ವೇದಿಕೆಯ ಒಳಗೆ ಕೆಲಸ ಮಾಡುವುದೂ ಇದೇ. ಎಸ್‌ಕ್ಯೂಎಲ್‌ಲೀನಿಯೇಜ್ ಅನ್ನುವ ಇನ್ನೊಂದು ಪೈಥಾನ್ ಪ್ಯಾಕೇಜ್ ಕಮಾಂಡ್ ಲೈನ್‌ನಿಂದಲೇ ಓಡುತ್ತದೆ, ಸುಮ್ನೆ ಒಂದು ಫೈಲ್ ಕೊಟ್ಟು ನೋಡಲು ಹಗುರ. ಜಾವಾದಲ್ಲಿ ಅಪಾಚೆ ಕ್ಯಾಲ್ಸೈಟ್. ಇದು ಬರೀ ಪಾರ್ಸರ್ ಅಲ್ಲ, ಪೂರ್ತಿ ಕ್ವೆರಿ ಪ್ಲಾನರ್. ಹಾಗಾಗಿ ಸ್ಕೀಮಾ ಇಲ್ಲದೆ ಒಂದು ಹೆಜ್ಜೆಯೂ ಇಡುವುದಿಲ್ಲ. ಇದರ ಕಾಲಮ್ ಒರಿಜಿನ್ಸ್ ಮಾಹಿತಿಯಲ್ಲಿ ಪ್ರತಿ ಮೂಲದ ಜೊತೆ ‘ಡಿರೈವ್ಡ್’ ಅನ್ನುವ ಒಂದು ಗುರುತು ಬರುತ್ತದೆ, ಹಾಗೇ ನಕಲಾದದ್ದೋ ಬದಲಾದದ್ದೋ ಅಂತ. ಔಟರ್ ಜಾಯಿನ್‌ನಲ್ಲಿ ನಲ್ ತುಂಬಬಹುದಾದ ಕಡೆಯ ಕಾಲಮ್ ಹಾಗೇ ನಕಲಾದರೂ ಅದನ್ನು ಬದಲಾದದ್ದು ಅಂತಲೇ ಗುರುತಿಸುತ್ತದೆ. ಅಷ್ಟು ನಾಜೂಕು. ಆದರೆ ಫಿಲ್ಟರ್ ಕಾಲಮ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂದರೆ ‘ಒಟ್ಟು’ಗೆ ಪ್ರಮಾಣ, ದರ ಬರುತ್ತವೆ, ಸ್ಥಿತಿ ಬರುವುದಿಲ್ಲ.

ಪೋಸ್ಟ್‌ಗ್ರೆಸ್ ಮಾತ್ರ ಸಾಕು ಅಂದರೆ ಲಿಬ್‌ಪಿಜಿ_ಕ್ವೆರಿ ಇದೆ, ಪೋಸ್ಟ್‌ಗ್ರೆಸ್‌ನ ಅಸಲಿ ಪಾರ್ಸರ್ ಅನ್ನೇ ಹೊರತೆಗೆದು ಮಾಡಿದ್ದು. ಎಸ್‌ಕ್ಯೂಎಲ್ ಸರ್ವರ್‌ಗೆ ಮೈಕ್ರೋಸಾಫ್ಟ್‌ನದ್ದೇ ಸ್ಕ್ರಿಪ್ಟ್‌ಡಾಮ್. ಇವೆರಡೂ ವ್ಯಾಕರಣದಲ್ಲಿ ಎಡವುವುದಿಲ್ಲ. ಆದರೆ ಮರ ಕಟ್ಟಿಕೊಟ್ಟು ಕೈ ತೊಳೆದುಕೊಳ್ಳುತ್ತವೆ. ಯಾವ ಹೆಸರು ಯಾವ ಟೇಬಲ್‌ನದ್ದು ಅಂತ ಬಿಡಿಸುವ ಕೆಲಸ ನಿಮ್ಮದೇ.

ಆ ಬಿಡಿಸುವ ಕೆಲಸವೇ ನಿಜವಾದ ಕಷ್ಟ. ಒಂದು ಉದಾಹರಣೆ ನೋಡಿ. ಆರ್ಡರ್ ಟೇಬಲ್‌ನಲ್ಲಿ ‘ಗ್ರಾಹಕ_ಐಡಿ’ ಇದೆ. ಗ್ರಾಹಕ ಟೇಬಲ್‌ನಲ್ಲಿ ಆ ಹೆಸರಿನ ಕಾಲಮ್ ಇಲ್ಲ, ಅಲ್ಲಿರುವುದು ಬರೀ ‘ಐಡಿ’. ಯಾರೋ ಹೀಗೆ ಬರೆದರು: ಆರ್ಡರ್‌ನಿಂದ ಎಲ್ಲ ಕೊಡು, ಆದರೆ ಗ್ರಾಹಕ_ಐಡಿ ಈ ಸಬ್‌ಕ್ವೆರಿಯೊಳಗೆ ಇರಬೇಕು. ಸಬ್‌ಕ್ವೆರಿ ಹೇಳುವುದು: ಗ್ರಾಹಕ ಟೇಬಲ್‌ನಿಂದ ಗ್ರಾಹಕ_ಐಡಿ ಕೊಡು. ಎರರ್ ಬರಬೇಕು ಅಲ್ವಾ? ಬರುವುದಿಲ್ಲ. ಒಳಗಿನ ಟೇಬಲ್‌ನಲ್ಲಿ ಆ ಹೆಸರು ಸಿಗದಿದ್ದರೆ ಡೇಟಾಬೇಸ್ ಹೊರಗಿನ ಕ್ವೆರಿ ಕಡೆ ನೋಡುತ್ತದೆ. ಅಲ್ಲಿ ಸಿಗುತ್ತದೆ. ಹಾಗಾಗಿ ಆರ್ಡರ್‌ನ ಗ್ರಾಹಕ_ಐಡಿ ಅದರೊಂದಿಗೇ ಹೋಲಿಕೆಯಾಗಿ, ಗ್ರಾಹಕ ಟೇಬಲ್‌ನಲ್ಲಿ ಒಂದು ಸಾಲು ಇದ್ದರೂ ಸಾಕು, ಐಡಿ ಇರುವ ಆರ್ಡರ್‌ಗಳೆಲ್ಲ ಬಂದುಬಿಡುತ್ತವೆ. ಸ್ಕೀಮಾ ಕೊಡದೆ ಪಾರ್ಸರ್ ಓಡಿಸಿದರೆ ಅದು ಏನು ಹೇಳುತ್ತದೆ? ಸಬ್‌ಕ್ವೆರಿಯಲ್ಲಿ ಇರುವುದು ಒಂದೇ ಟೇಬಲ್, ಆದ್ದರಿಂದ ಮೂಲ ಗ್ರಾಹಕ.ಗ್ರಾಹಕ_ಐಡಿ. ಇಲ್ಲದ ಕಾಲಮ್‌ಗೆ ಬಾಣ! ಕ್ವೆರಿಯಲ್ಲಿದ್ದ ತಪ್ಪು ಬಯಲಾಗುವ ಬದಲು ಇನ್ನಷ್ಟು ಆಳಕ್ಕೆ ಹೂತುಹೋಗುತ್ತದೆ.

ಇದಕ್ಕೇ ಹೇಳುವುದು, ಸ್ಕೀಮಾ ಕೊಡದೆ ಕಾಲಮ್ ಲೀನಿಯೇಜ್ ಮಾಡಬೇಡಿ. ಟೂಲ್ ಬಿಟ್ಟರೂ ನೀವು ಬಿಡಬೇಡಿ. ಸ್ಕೀಮಾ ಕೊಡುವಾಗಲೂ ಅಕ್ಷರದ ಗಾತ್ರ ಗಮನಿಸಿ. ಕೋಟ್ ಹಾಕದ ಹೆಸರನ್ನು ಪೋಸ್ಟ್‌ಗ್ರೆಸ್ ಸಣ್ಣಕ್ಷರಕ್ಕೆ ತಿರುಗಿಸುತ್ತದೆ, ಒರಾಕಲ್ ಮತ್ತು ಸ್ನೋಫ್ಲೇಕ್ ದೊಡ್ಡಕ್ಷರಕ್ಕೆ. ಪಾರ್ಸರ್‌ಗೆ ಸರಿಯಾದ ಉಪಭಾಷೆ ಹೇಳದಿದ್ದರೆ ಹೆಸರುಗಳು ಹೊಂದಿಕೆಯಾಗದೆ ಅರ್ಧ ಬಾಣಗಳು ಮಾಯವಾಗುತ್ತವೆ.

ಪಾರ್ಸರ್ ಕೈ ಚೆಲ್ಲುವ ಜಾಗಗಳೂ ಇವೆ. ಸ್ಟ್ರಿಂಗ್ ಜೋಡಿಸಿ ಓಡಿಸುವ ಡೈನಾಮಿಕ್ ಎಸ್‌ಕ್ಯೂಎಲ್, ಟೆಂಪ್ ಟೇಬಲ್ ಸರಪಳಿ ಇರುವ ಪ್ರೊಸೀಜರ್, ಬೇರೆ ಭಾಷೆಯಲ್ಲಿ ಬರೆದ ಫಂಕ್ಷನ್. ಪೋಸ್ಟ್‌ಗ್ರೆಸ್‌ನಲ್ಲಿ ಸ್ಟ್ರಿಂಗ್ ಆಗಿ ಬರೆದ ಫಂಕ್ಷನ್ ಒಳಗೆ ಕೆಟಲಾಗ್ ಕೂಡ ಇಣುಕುವುದಿಲ್ಲ. 14ನೇ ಆವೃತ್ತಿಯಿಂದ ಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನು ಬಿಗಿನ್ ಅಟಾಮಿಕ್ ರೀತಿಯಲ್ಲಿ ಬರೆದರೆ ಮಾತ್ರ ಅದರ ಅವಲಂಬನೆ ದಾಖಲಾಗುತ್ತದೆ.

ಲಾಗ್: ನಿಜವಾಗಿ ಓಡಿದ್ದು ಮಾತ್ರ

ಕ್ಲೌಡ್ ವೇರ್‌ಹೌಸ್‌ನಲ್ಲಿ ಇದ್ದೀರಿ ಅಂದರೆ ಈ ಕೆಲಸ ಬಹುಪಾಲು ಆಗಿಯೇ ಇರುತ್ತದೆ. ಸ್ನೋಫ್ಲೇಕ್‌ನ ಆಕ್ಸೆಸ್_ಹಿಸ್ಟರಿಯಲ್ಲಿ ಪ್ರತಿ ಕ್ವೆರಿಗೂ ನೇರವಾಗಿ ಮುಟ್ಟಿದ ವ್ಯೂ ಬೇರೆ, ಅದರ ಕೆಳಗಿನ ಮೂಲ ಟೇಬಲ್ ಬೇರೆ ಅಂತ ಎರಡು ಕಾಲಮ್‌ನಲ್ಲಿ ಇರುತ್ತದೆ. ಬರೆದ ಟೇಬಲ್‌ನ ಕಾಲಮ್ ಯಾವ ಕಾಲಮ್‌ನಿಂದ ಬಂತು ಅಂತಲೂ ಇರುತ್ತದೆ. ಎಂಟರ್‌ಪ್ರೈಸ್ ಎಡಿಷನ್ ಬೇಕು. ಮಾಹಿತಿ ಬರಲು 3 ಗಂಟೆವರೆಗೆ ತಡವಾಗಬಹುದು. 365 ದಿನ ಇಟ್ಟುಕೊಳ್ಳುತ್ತದೆ. ಡೇಟಾಬ್ರಿಕ್ಸ್‌ನ ಯೂನಿಟಿ ಕೆಟಲಾಗ್‌ನಲ್ಲಿ ಕಾಲಮ್_ಲೀನಿಯೇಜ್ ಅನ್ನುವ ಸಿಸ್ಟಮ್ ಟೇಬಲ್ಲೇ ಇದೆ. ಆದರೆ ಟೇಬಲ್ ಹೆಸರಿನ ಬದಲು ಫೈಲ್ ಪಾತ್ ಕೊಟ್ಟು ಓದಿದರೆ ಕಾಲಮ್ ಮಟ್ಟದ ಜಾಡು ಸಿಗುವುದಿಲ್ಲ.

ಲಾಗ್‌ನ ಬಲ ಏನೆಂದರೆ ಡೈನಾಮಿಕ್ ಎಸ್‌ಕ್ಯೂಎಲ್ ಕೂಡ ತಪ್ಪಿಸಿಕೊಳ್ಳುವುದಿಲ್ಲ. ಓಡುವ ಹೊತ್ತಿಗೆ ಅದೂ ಒಂದು ಕ್ವೆರಿಯೇ. ದೌರ್ಬಲ್ಯವೂ ಅಲ್ಲೇ ಇದೆ, ಓಡದೇ ಇದ್ದದ್ದು ಲಾಗ್‌ನಲ್ಲಿ ಇಲ್ಲ. ವರ್ಷಕ್ಕೊಮ್ಮೆ ಓಡುವ ರಿಪೋರ್ಟ್ ಕಳೆದ ಸಲ ಬೇಗ ಓಡಿ, ಈ ಸಲ ತಡವಾದರೆ 365 ದಿನದ ಕಿಟಕಿಯಿಂದ ಆಚೆ ಬಿದ್ದಿರುತ್ತದೆ. ‘ಲಾಗ್‌ನಲ್ಲಿ ಯಾರೂ ಬಳಸಿಲ್ಲ’ ಅನ್ನುವ ಮಾತನ್ನು ಕೆಟಲಾಗ್ ಕೂಡ ಒಪ್ಪಿದರೆ ಮಾತ್ರ ನಂಬಿ.

ಹಾಗಾದರೆ ಯಾವುದು ಯಾರಿಗೆ?

ಒಂದು ರಿಪೋರ್ಟಿನ ಒಂದು ಅಂಕಿ ತಪ್ಪು ಬರುತ್ತಿದೆ, ಕಾರಣ ಬೇಕು ಅಂದರೆ ಯಾವ ಟೂಲನ್ನೂ ಇನ್‌ಸ್ಟಾಲ್ ಮಾಡಬೇಡಿ. ಎಕ್ಸ್‌ಪ್ಲೇನ್ ವರ್ಬೋಸ್ ಅಥವಾ ನಿಮ್ಮ ಡೇಟಾಬೇಸ್‌ನಲ್ಲಿ ಅದಕ್ಕೆ ಸಮನಾದದ್ದು ಸಾಕು. ತಪ್ಪು ಬಹಳ ಸಲ ಸಿಗುವುದು ಸೂತ್ರದಲ್ಲಿ ಅಲ್ಲ, ಫಿಲ್ಟರ್ ಮತ್ತು ಜಾಯಿನ್ ಸಾಲುಗಳಲ್ಲಿ. ಮೌಲ್ಯದ ಜಾಡು ಮಾತ್ರ ತೋರಿಸುವ ಟೂಲ್‌ನಲ್ಲಿ ಆ ಸಾಲುಗಳೇ ಇರುವುದಿಲ್ಲ.

ಕಾಲಮ್ ತೆಗೆಯಬೇಕು, ಟೈಪ್ ಬದಲಿಸಬೇಕು ಅಂದರೆ ಕೆಟಲಾಗ್ ಮೊದಲು. ಆಮೇಲೆ ಲಾಗ್. ಆಮೇಲೆ ಅಪ್ಲಿಕೇಶನ್ ಕೋಡ್‌ನಲ್ಲಿ ಆ ಹೆಸರಿಗೆ ಒಂದು ಹುಡುಕಾಟ. ಈ ಮೂರನೆಯದು ತೀರಾ ಸಾದಾ ಅನಿಸಬಹುದು, ಆದರೆ ಕ್ವೆರಿಗಳು ಕೋಡ್‌ನಲ್ಲಿ ಕುಳಿತಿರುವಾಗ ಡೇಟಾಬೇಸ್‌ಗೆ ಅದರ ಸುಳಿವೇ ಇರುವುದಿಲ್ಲ.

ಗ್ರಿಡ್, ಎಡಿಟರ್, ಫಾರ್ಮ್ ಕಟ್ಟುವವರಿಗೆ ಡ್ರೈವರ್ ಮೆಟಾಡೇಟಾ. ಬೇರೇನೂ ಬೇಡ. ಲೆಕ್ಕ ಹಾಕಿದ ಕಾಲಮ್ ಹೇಗೂ ಎಡಿಟ್ ಮಾಡುವಂತಿಲ್ಲ, ಹಾಗಾಗಿ ಅದಕ್ಕೆ ಸೊನ್ನೆ ಬಂದರೆ ಅದೇ ಸರಿಯಾದ ಉತ್ತರ.

ಖಾಸಗಿ ಮಾಹಿತಿ ಎಲ್ಲೆಲ್ಲಿ ಹರಿದಿದೆ ಅಂತ ನೋಡುವುದು ಇದ್ದುದರಲ್ಲೇ ಕಷ್ಟದ ಕೆಲಸ. ಇಲ್ಲಿ ಪಾರ್ಸರ್ ಮತ್ತು ಲಾಗ್ ಎರಡೂ ಬೇಕು, ಪರೋಕ್ಷ ಸಂಬಂಧವೂ ಬೇಕು. ನಮ್ಮ ‘ಬಗೆ’ ಕಾಲಮ್ ನೋಡಿ. ಅದರ ಮೌಲ್ಯ ‘ದೊಡ್ಡ’, ‘ಸಣ್ಣ’ ಅನ್ನುವ ಎರಡು ಸ್ಥಿರ ಪದ, ಮೂಲ ಕಾಲಮ್‌ನಿಂದ ಒಂದಕ್ಷರವೂ ಬಂದಿಲ್ಲ. ಆದರೂ ಅಂಕದ ಜಾಗದಲ್ಲಿ ಸಂಬಳ ಅಥವಾ ಕಾಯಿಲೆ ಇದ್ದಿದ್ದರೆ ಆ ಎರಡು ಪದಗಳೇ ಗುಟ್ಟು ಬಿಟ್ಟುಕೊಡುತ್ತಿದ್ದವು. ಇನ್ನೊಂದು ಕಡೆ, ಫೋನ್ ನಂಬರ್ ಕಾಲಮ್‌ನ ಎಣಿಕೆ ಮಾತ್ರ ತೆಗೆದರೆ ನಂಬರ್ ಹೊರಗೆ ಹೋಗಲಿಲ್ಲ. ಓಪನ್‌ಲೀನಿಯೇಜ್‌ನಲ್ಲಿ ಇದಕ್ಕೆಂದೇ ‘ಮಾಸ್ಕಿಂಗ್’ ಅನ್ನುವ ಗುರುತು ಇದೆ. ಆ ವ್ಯತ್ಯಾಸ ಹೇಳದ ಟೂಲ್ ಈ ಕೆಲಸಕ್ಕೆ ಬೇಡ. ಎಲ್ಲವೂ ಕೆಂಪಾಗಿ ಕಂಡರೆ ಯಾರೂ ನೋಡುವುದಿಲ್ಲ.

ಬಹಳ ಡೇಟಾಬೇಸ್, ಬಹಳ ತಂಡ ಇದ್ದರೆ ಡೇಟಾಹಬ್, ಓಪನ್‌ಮೆಟಾಡೇಟಾ ಥರದ ವೇದಿಕೆ. ಒಳಗಿರುವುದು ಮೇಲೆ ಹೇಳಿದ ಪಾರ್ಸರ್ ಮತ್ತು ಲಾಗ್‌ಗಳೇ, ಹಾಗಾಗಿ ಅದೇ ಮಿತಿಗಳೂ ಬರುತ್ತವೆ. ಒಂದೇ ಪೋಸ್ಟ್‌ಗ್ರೆಸ್, ಐವತ್ತು ವ್ಯೂ ಇರುವವರು ಇದನ್ನು ನಿಲ್ಲಿಸಿ ನೋಡಿಕೊಳ್ಳುವ ಹೊತ್ತಿಗೆ ಅಷ್ಟೂ ವ್ಯೂಗಳನ್ನು ಓದಿಯೇ ಮುಗಿಸಬಹುದು.

ಆರಿಸುವ ಮೊದಲು ಓಡಿಸಿ ನೋಡಬೇಕಾದ ಕ್ವೆರಿಗಳು

ಯಾವ ಟೂಲ್ ಆದರೂ ನಿಮ್ಮದೇ ಕೆಲವು ಕ್ವೆರಿ ಕೊಟ್ಟು ನೋಡಿ. ಮೇಲೆ ಹೇಳಿದ ಗ್ರಾಹಕ_ಐಡಿ ಸಬ್‌ಕ್ವೆರಿ ಮೊದಲು. ಬಾಣ ಆರ್ಡರ್ ಕಡೆಗೇ ಹೋಗಬೇಕು. ಎರಡನೆಯದು, ಒಂದು ಯೂನಿಯನ್ (ಎರಡು ಕ್ವೆರಿಗಳ ಸಾಲುಗಳನ್ನು ಒಂದರ ಕೆಳಗೊಂದು ಸೇರಿಸುವುದು), ಎರಡು ಭಾಗದಲ್ಲೂ ಕಾಲಮ್ ಹೆಸರುಗಳ ಕ್ರಮ ಬೇರೆ ಇರಲಿ. ಯೂನಿಯನ್ ಜೋಡಿಸುವುದು ಜಾಗ ನೋಡಿ, ಹೆಸರು ನೋಡಿ ಅಲ್ಲ. ಮೊದಲ ಭಾಗದಲ್ಲಿ ‘ಹೆಸರು, ಊರು’, ಎರಡನೆಯದರಲ್ಲಿ ‘ಊರು, ಹೆಸರು’ ಇದ್ದರೆ, ಔಟ್‌ಪುಟ್‌ನ ‘ಹೆಸರು’ಗೆ ಎರಡು ಮೂಲ ಬರಬೇಕು, ಅದರಲ್ಲೊಂದು ಊರು. ಹೆಸರು ನೋಡಿ ಜೋಡಿಸುವ ಟೂಲ್ ಇಲ್ಲಿ ಸಿಕ್ಕಿಬೀಳುತ್ತದೆ. ಮೂರನೆಯದು, ತನ್ನನ್ನೇ ಕರೆಯುವ ಸಿಟಿಇ. ಕೆಲವು ಟೂಲ್ ಸುತ್ತುತ್ತಲೇ ಇರುತ್ತವೆ. ನಾಲ್ಕನೆಯದು, ಎರಡು ಹಂತದ ಕೆಳಗೆ ಸ್ಟಾರ್ ಇರುವ ವ್ಯೂ.

ಕೊನೆಗೆ ಬರೀ ಕೌಂಟ್ ಸ್ಟಾರ್, ಅಂದರೆ ಸಾಲುಗಳ ಎಣಿಕೆ. ಇದಕ್ಕೆ ಯಾವ ಕಾಲಮ್ ಮೂಲ? ಕೆಲವು ಟೂಲ್ ಖಾಲಿ ಪಟ್ಟಿ ಕೊಡುತ್ತವೆ, ಕೆಲವು ಟೇಬಲ್‌ನ ಎಲ್ಲ ಕಾಲಮ್ ಕೊಡುತ್ತವೆ, ಕೆಲವು ಟೇಬಲ್ ಹೆಸರು ಮಾತ್ರ ಕೊಡುತ್ತವೆ. ಮೌಲ್ಯದ ಪ್ರಶ್ನೆಗೆ ಖಾಲಿ ಪಟ್ಟಿ ಸರಿ, ಪ್ರಭಾವದ ಪ್ರಶ್ನೆಗೆ ಟೇಬಲ್ ಹೆಸರು ಸರಿ. ಎಲ್ಲ ಕಾಲಮ್ ಕೊಡುವ ಟೂಲನ್ನು ಮಾತ್ರ ಪಟ್ಟಿಯಿಂದ ಹೊಡೆದುಹಾಕಿ.